ಜೋಡಾಟ ಬೇಡ, ಕೂಡಾಟ ಆಡಿಸಿ: ಡಿಸಿ, ಮಾರ್ವೆಲ್ ತಂಡಗಳನ್ನು ಶರಾವತಿ ಕಣಿವೆಗೆ ಇಳಿಸುವ ಬಗೆ

ಯಕ್ಷಗಾನ ನೋಡಿದವರಿಗೆ ಜೋಡಾಟ, ಕೂಡಾಟಗಳ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಒಂದೇ ಬಯಲಲ್ಲಿ ಎರಡು ರಂಗಸ್ಥಳ ಕಟ್ಟಿ, ಎರಡು ಮೇಳ ಒಂದೇ ಹೊತ್ತಿಗೆ ಆಡಿ, ಯಾರ ಮುಂದೆ ಜನ ಹೆಚ್ಚು ಎಂದು ನೋಡುವುದು ಜೋಡಾಟ. ಕೃಷ್ಣ ಈ ಮೇಳದವನು, ಅರ್ಜುನ ಆ ಮೇಳದವನು ಎಂದು ಹಂಚಿಕೊಂಡು ಒಂದೇ ರಂಗಸ್ಥಳದಲ್ಲಿ ಕುಣಿಯುವುದು ಕೂಡಾಟ. ಅಮೆರಿಕದ ಎರಡು ಕಾಮಿಕ್ಸ್ ಕಂಪನಿಗಳಾದ ಡಿಸಿ ಮತ್ತು ಮಾರ್ವೆಲ್‌ಗಳ ವೀರರು ಒಂದಾಗುವ ಕಾಮಿಕ್ಸ್ ಬರೆಯಲು ಕೂತವರಲ್ಲಿ ಹೆಚ್ಚಿನವರು ಕೂಡಾಟದ ಹೆಸರಲ್ಲಿ ಜೋಡಾಟ ಬರೆಯುತ್ತಾರೆ. ಸೂಪರ್‌ಮ್ಯಾನ್ ಗೆಲ್ಲುತ್ತಾನೋ ಹಲ್ಕ್ ಗೆಲ್ಲುತ್ತಾನೋ ಎಂಬಲ್ಲಿಗೆ ಕತೆ ಮುಗಿಯುತ್ತದೆ.

ಆ ಪ್ರಶ್ನೆಗೆ 1996ರಲ್ಲೇ ಕಂಪನಿಗಳು ಓದುಗರ ಕೈಯಲ್ಲಿ ಉತ್ತರ ಬರೆಸಿವೆ. ನಾಲ್ಕು ಸಂಚಿಕೆಯ ಆ ‘ಡಿಸಿ ವರ್ಸಸ್ ಮಾರ್ವೆಲ್’ ಸರಣಿಯಲ್ಲಿ ಹನ್ನೊಂದು ಕಾಳಗ. ಐದರ ಫಲಿತಾಂಶ ಮತದಿಂದ ತೀರ್ಮಾನವಾಯಿತು: ಸೂಪರ್‌ಮ್ಯಾನ್ ಹಲ್ಕ್‌ನನ್ನು, ಬ್ಯಾಟ್‌ಮ್ಯಾನ್ ಕ್ಯಾಪ್ಟನ್ ಅಮೆರಿಕನನ್ನು ಸೋಲಿಸಿದರು, ಸ್ಪೈಡರ್‌ಮ್ಯಾನ್ ಸೂಪರ್‌ಬಾಯ್‌ನನ್ನು, ಸ್ಟಾರ್ಮ್ ವಂಡರ್ ವುಮನ್‌ಳನ್ನು, ವೊಲ್ವರಿನ್ ಲೋಬೋನನ್ನು ಕೆಡವಿದರು. ಮಾರ್ವೆಲ್‌ಗೆ ಮೂರು, ಡಿಸಿಗೆ ಎರಡು. ಇದರಲ್ಲಿ ವೊಲ್ವರಿನ್ ಗೆದ್ದದ್ದನ್ನು ಕಣ್ಣಾರೆ ಕಂಡ ಓದುಗ ಒಬ್ಬನೂ ಇಲ್ಲ. ಹೊಡೆದಾಟ ಬಾರಿನ ಕಟ್ಟೆಯ ಹಿಂದೆ ನಡೆದು, ಅವನೊಬ್ಬನೇ ಎದ್ದು ಬರುತ್ತಾನೆ. ಮತ ಹಾಕಿಸಿ ಕತೆ ಬರೆದರೆ ಬರೆಯುವವನಿಗೂ ಕಾರಣ ಹೊಳೆಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೂಡಾಟದ ಮಾದರಿಗೆ 1976ರ ಮೊದಲ ಸೂಪರ್‌ಮ್ಯಾನ್–ಸ್ಪೈಡರ್‌ಮ್ಯಾನ್ ಭೇಟಿಯನ್ನು ನೋಡಿ. ಬರೆದವರು ಜೆರಿ ಕಾನ್ವೇ, ಚಿತ್ರ ರಾಸ್ ಆಂಡ್ರು. ಸ್ಪೈಡರ್‌ಮ್ಯಾನ್ ಗುದ್ದಿದರೆ ಸೂಪರ್‌ಮ್ಯಾನ್‌ಗೆ ಸೊಳ್ಳೆ ಕಚ್ಚಿದಷ್ಟೂ ಆಗದು. ಕಾಳಗ ನಡೆಯುವುದು ಹೇಗೆ? ಖಳ ಲೆಕ್ಸ್ ಲೂಥರ್, ಸೂಪರ್‌ಮ್ಯಾನ್ ಬಲ ಕುಂದಿಸುವ ಕೆಂಪು ಸೂರ್ಯನ ವಿಕಿರಣವನ್ನು ಸ್ಪೈಡರ್‌ಮ್ಯಾನ್ ಮೇಲೆ ಹಾಯಿಸುತ್ತಾನೆ. ಅದರ ಬಲ ಇರುವಷ್ಟು ಹೊತ್ತು ಜಗಳ ಸಮಸಮ. ಇಳಿದ ಮೇಲೆ ಇಬ್ಬರಿಗೂ ಬುದ್ಧಿ ಬರುತ್ತದೆ. ಎರಡು ಲೋಕ ಸೇರಿದ್ದು ಹೇಗೆ ಎಂಬ ವಿವರಣೆಗೆ ಅಲ್ಲಿ ಒಂದು ಚಿತ್ರಚೌಕವನ್ನೂ ಖರ್ಚು ಮಾಡಿಲ್ಲ. ಇಬ್ಬರೂ ಮೊದಲಿಂದ ಒಂದೇ ಭೂಮಿಯಲ್ಲಿ ಇದ್ದವರು, ಅಷ್ಟೆ. ಮೊದಲ ಸಲ ಬರೆಯುವವರಿಗೆ ನನ್ನ ಶಿಫಾರಸು ಇದೇ. ಬಾಗಿಲು, ಬಿರುಕು, ಸಮಾನಾಂತರ ಜಗತ್ತು ಎಂದು ಹೊರಟರೆ ನಾಲ್ಕು ಪುಟ ಅದಕ್ಕೇ ಹೋಯಿತು.

ಶ್ರುತಿ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1983ಕ್ಕೆಂದು ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಸಂಗಮ ನಿಗದಿಯಾಗಿತ್ತು. ಚಿತ್ರಕಾರ ಜಾರ್ಜ್ ಪೆರೆಜ್ 21 ಪುಟಗಳ ಚಿತ್ರ ಬರೆದೂ ಇಟ್ಟಿದ್ದರು. ಕತೆಯ ವಿಷಯದಲ್ಲಿ ಎರಡು ಕಂಪನಿಗಳ ಸಂಪಾದಕರು ಒಮ್ಮತಕ್ಕೆ ಬರಲಿಲ್ಲ, ಆಟ ನಿಂತಿತು. ಅದೇ ಪೆರೆಜ್, ಕರ್ಟ್ ಬ್ಯುಸಿಕ್ ಜತೆ ಸೇರಿ, ಆ ಸಂಗಮವನ್ನು ಓದುಗರ ಕೈಗಿಟ್ಟದ್ದು 2003ರಲ್ಲಿ. ಅದರ ಗೆಲುವು ಹೊಡೆದಾಟದಲ್ಲಿಲ್ಲ. ಮಾರ್ವೆಲ್ ಭೂಮಿಗೆ ಬಂದ ಸೂಪರ್‌ಮ್ಯಾನ್‌ಗೆ ಇಲ್ಲಿನ ವೀರರು ತಮ್ಮ ಲೋಕವನ್ನು ಸರಿಯಾಗಿ ನೋಡಿಕೊಂಡಿಲ್ಲ ಅನಿಸುತ್ತದೆ. ಡಿಸಿ ಭೂಮಿ ನೋಡಿದ ಕ್ಯಾಪ್ಟನ್ ಅಮೆರಿಕನಿಗೆ ಅಲ್ಲಿ ವೀರರನ್ನು ದೇವರಂತೆ ಪೂಜಿಸುವುದು ಕಂಡು ಮೈ ಉರಿಯುತ್ತದೆ. ಜಗಳಕ್ಕೆ ಮೂಲ ಸ್ವಭಾವ, ಬಲವಲ್ಲ. ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಮಾತ್ರ ಎರಡು ಪಟ್ಟು ಹಾಕಿ ನೋಡಿ, ಇದು ಮುಗಿಯುವ ಕುಸ್ತಿಯಲ್ಲ ಎಂದು ಕೈಬಿಟ್ಟು ಪತ್ತೇದಾರಿಗೆ ಹೊರಡುತ್ತಾರೆ. ನಾಲ್ಕು ಸಂಚಿಕೆಯಲ್ಲಿ ಅತ್ಯುತ್ತಮ ದೃಶ್ಯ ಅದು.

ಈಗ ನಮ್ಮ ಆಟಕ್ಕೆ ತಂಡ ಆರಿಸೋಣ. ಜಸ್ಟಿಸ್ ಲೀಗ್ ಬೇಡ. 1960ರ ಮೂಲ ತಂಡದಲ್ಲೇ ಏಳು ಮಂದಿ, ಎಲ್ಲರೂ ಒಡ್ಡೋಲಗ, ಅಂದರೆ ವೈಭವದ ರಂಗಪ್ರವೇಶ, ಕೇಳುವವರು. ನನ್ನ ಆಯ್ಕೆ ಡಿಸಿಯ ಡೂಮ್ ಪೆಟ್ರೋಲ್ ಮತ್ತು ಮಾರ್ವೆಲ್‌ನ ಎಕ್ಸ್‌ಮೆನ್. ಡೂಮ್ ಪೆಟ್ರೋಲ್ ಬಂದದ್ದು 1963ರ ಜೂನ್ ಸಂಚಿಕೆಯಲ್ಲಿ, ಎಕ್ಸ್‌ಮೆನ್ ಅದೇ ವರ್ಷದ ಸೆಪ್ಟೆಂಬರ್ ಸಂಚಿಕೆಯಲ್ಲಿ. ಎರಡರಲ್ಲೂ ಗಾಲಿಕುರ್ಚಿಯ ಮೇಲೆ ಕೂತ ಬುದ್ಧಿವಂತ ನಾಯಕ, ಜನ ಹೆದರಿ ದೂರವಿಟ್ಟ ಶಿಷ್ಯರು. 1964ರ ಮಾರ್ಚ್‌ನಲ್ಲಿ ಡೂಮ್ ಪೆಟ್ರೋಲ್‌ಗೆ ‘ಬ್ರದರ್‌ಹುಡ್ ಆಫ್ ಈವಿಲ್’ ಎಂಬ ಶತ್ರು ಕೂಟ ಹುಟ್ಟಿದರೆ, ಅದೇ ತಿಂಗಳು ಎಕ್ಸ್‌ಮೆನ್‌ಗೆ ‘ಬ್ರದರ್‌ಹುಡ್ ಆಫ್ ಈವಿಲ್ ಮ್ಯುಟೆಂಟ್ಸ್’. ಡೂಮ್ ಪೆಟ್ರೋಲ್ ಬರೆದ ಅರ್ನಾಲ್ಡ್ ಡ್ರೇಕ್ ಕೆಲ ವರ್ಷದ ನಂತರ ಎಕ್ಸ್‌ಮೆನ್‌ನನ್ನೂ ಬರೆದರು. ಅಣ್ಣತಮ್ಮಂದಿರು ಬೇರೆ ಬೇರೆ ಮನೆಯಲ್ಲಿ ಬೆಳೆದ ಹಾಗೆ. ಬಲದಲ್ಲೂ ಸುಮಾರು ಸರಿಸಮ: ಊರನ್ನು ಎತ್ತಿ ಒಗೆಯುವವರು ಎರಡೂ ಕಡೆ ಇಲ್ಲ.

ತಲಾ ನಾಲ್ವರು ಸಾಕು. ಆ ಕಡೆ ಡೂಮ್ ಪೆಟ್ರೋಲ್ ನಾಯಕ ಚೀಫ್, ರೋಬೋಟ್‌ಮ್ಯಾನ್, ನೆಗೆಟಿವ್ ಮ್ಯಾನ್, ಮೈ ಹಿಗ್ಗಿಸಬಲ್ಲ ಎಲಾಸ್ಟಿ-ಗರ್ಲ್ ಆದ ರೀಟಾ. ಈ ಕಡೆ ಎಕ್ಸ್‌ಮೆನ್ ನಾಯಕ ಪ್ರೊಫೆಸರ್ ಝೇವಿಯರ್, ಸ್ಟಾರ್ಮ್, ವೊಲ್ವರಿನ್, ನೈಟ್‌ಕ್ರಾಲರ್. ಎಂಟೇ ಏಕೆ ಎಂದರೆ ಲೆಕ್ಕ ಹಾಗಿದೆ. ಎ4 ಹಾಳೆಯನ್ನು ನಡುವೆ ಮಡಿಸಿ ಪಿನ್ ಹೊಡೆಯುವ ಪುಸ್ತಕಕ್ಕೆ ಒಳಗಿನ 7 ಹಾಳೆ ಎಂದರೆ 28 ಪುಟ. ಪುಟಕ್ಕೆ ಸರಾಸರಿ 5 ಚೌಕ, ಒಟ್ಟು 140. ಒಂದು ಚೌಕದಲ್ಲಿ ಇಬ್ಬರಿಗೆ ಆರಾಮಾಗಿ ಜಾಗ, 280 ಸ್ಥಾನ. ಇದರಲ್ಲಿ ಕಾಲು ಭಾಗ ಖಳರಿಗೆ, ಊರಿನವರಿಗೆ, ಬರಿಯ ಕಾಡು–ನೀರಿಗೆ ಹೋದರೆ ಉಳಿದದ್ದು 210. ಎಂಟು ಮಂದಿಗೆ ಹಂಚಿದರೆ ತಲಾ 26. ಹದಿನಾಲ್ಕು ಮಂದಿಯನ್ನು ತಂದರೆ ತಲಾ 15, ಅಂದರೆ ಹೆಸರು ಹೇಳಿ ಒಂದು ಗುದ್ದು ಕೊಟ್ಟು ಚೌಕಿಗೆ (ಬಣ್ಣದ ಮನೆಗೆ) ವಾಪಸು. ಹೆಚ್ಚಿನ ಅಭಿಮಾನಿ ಕಾಮಿಕ್ಸ್ ಕೆಡುವುದು ಇಲ್ಲೇ.

ಪುಟ ಹಂಚಿಕೆ ಹೀಗಿಟ್ಟುಕೊಳ್ಳಿ. 1ರಿಂದ 3 ಡೂಮ್ ಪೆಟ್ರೋಲ್ ಒಡ್ಡೋಲಗ, 4ರಿಂದ 6 ಎಕ್ಸ್‌ಮೆನ್ ಒಡ್ಡೋಲಗ, 7–8 ಎದುರಾಗುವುದು, 9ರಿಂದ 14 ಕಾಳಗ, 15–16 ನಿಜ ತಿಳಿಯುವುದು, 17ರಿಂದ 19 ಮಾತು, 20ರಿಂದ 26 ಎರಡೂ ತಂಡ ಸೇರಿ ಹೋರಾಟ, 27–28 ಬೀಳ್ಕೊಡುಗೆ. ಕಾಳಗಕ್ಕಿಂತ ಕೂಡಿ ಹೋರಾಡುವುದಕ್ಕೆ ಒಂದು ಪುಟವಾದರೂ ಹೆಚ್ಚಿರಲಿ. ಮೊದಲು ಬಂದ ತಂಡಕ್ಕೆ ಕೊನೆಯ ಮಾತು ಕೊಡಬಾರದು. ಒಬ್ಬರಿಗೆ ಆರಂಭ, ಇನ್ನೊಬ್ಬರಿಗೆ ಮುಕ್ತಾಯ.

ಜಗಳ ಯಾಕೆ ಹುಟ್ಟಬೇಕು? ತಪ್ಪು ತಿಳಿವಳಿಕೆಯಿಂದ ಎಂದರೆ ಸಾಲದು, ಎರಡು ಮಾತು ಆಡಿದರೆ ಬಗೆಹರಿಯುವ ತಪ್ಪು ತಿಳಿವಳಿಕೆಗೆ ಆರು ಪುಟ ಹೊಡೆದಾಡಿದರೆ ಓದುಗ ನಗುತ್ತಾನೆ. ‘ಕೃಷ್ಣಾರ್ಜುನ ಕಾಳಗ’ದ ಕಟ್ಟು ನೋಡಿ: ಗಯನನ್ನು ಕೊಲ್ಲುತ್ತೇನೆಂದು ಕೃಷ್ಣನ ಪ್ರತಿಜ್ಞೆ, ಕಾಯುತ್ತೇನೆಂದು ಅರ್ಜುನನ ಅಭಯ. ಇಬ್ಬರಿಗೂ ಎದುರಿಗಿರುವವನು ಸ್ನೇಹಿತನೆಂದು ಗೊತ್ತು. ಗೊತ್ತಿದ್ದೂ ಹಿಂದೆ ಸರಿಯುವಂತಿಲ್ಲ, ಕೊಟ್ಟ ಮಾತು ಕಾಲಿಗೆ ಕಟ್ಟಿದೆ. ನಮ್ಮ ಕತೆಗೂ ಒಬ್ಬ ಗಯ ಬೇಕು. ತುಮರಿ ಕಡೆಯ, ಶರಾವತಿ ಹಿನ್ನೀರಿನ ಅಂಚಿನ ಮನೆಯ ಹುಡುಗಿ. ನೀರು ಅವಳ ಮಾತು ಕೇಳುತ್ತದೆ, ಹೆದರಿದಾಗ ಮಾತ್ರ ಕೇಳುವುದಿಲ್ಲ. ಈ ‘ಮಾತ್ರ’ವನ್ನು ಮೂರನೇ ಪುಟದ ಒಳಗೇ ತೋರಿಸಿಬಿಡಿ, ಮುಂದೆ ಬೇಕಾಗುತ್ತದೆ. ಅವಳನ್ನು ಊರು ಬಿಡಿಸುವುದಿಲ್ಲ ಎಂದು ಚೀಫ್ ಅವಳ ಅಜ್ಜಿಗೆ ಮಾತು ಕೊಟ್ಟಿದ್ದಾನೆ. ಅವಳನ್ನು ಹಿಂಬಾಲಿಸಿ ಬರುತ್ತಿರುವವನಿಂದ ದೂರ ಒಯ್ಯುತ್ತೇನೆಂದು ಝೇವಿಯರ್ ಅವಳ ಅಪ್ಪನಿಗೆ ಮಾತು ಕೊಟ್ಟಿದ್ದಾನೆ. ಎರಡೂ ಸರಿ, ಎರಡೂ ಒಟ್ಟಿಗೆ ನಡೆಯದು. ಅಭಯ ಬೇಡಿದವರು ಒಂದೇ ಮನೆಯ ಅಜ್ಜಿ, ಅಪ್ಪ ಎನ್ನುವುದು ಕಾಳಗಕ್ಕೆ ಬೇಕಾದ ಸೌದೆ.

ಜಾಗ ಬಳಸುವಾಗ ಊರಿನವರ ಕಣ್ಣು ಮರೆಯಬೇಡಿ. ನಾಲ್ಕೂ ಧಾರೆ ತುಂಬಿ ಬೀಳುವ ಜೋಗವನ್ನು ಬರೆದು ಕತೆ ಏಪ್ರಿಲ್‌ನದು ಎಂದರೆ ಸಾಗರದ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಬೇಸಿಗೆಯಲ್ಲಿ ಅಲ್ಲಿ ನೂಲಿನೆಳೆ. ಲಿಂಗನಮಕ್ಕಿ ಅಣೆಕಟ್ಟು ತುಂಬುತ್ತಾ, ನೀರು 1819 ಅಡಿಯ ಹತ್ತಿರಕ್ಕೆ ಬಂದು ಗೇಟು ತೆರೆದರೆ ಮಾತ್ರ ಆ ಆರ್ಭಟ; ಹಾಗಾಗಿ ಕತೆಯ ತಿಂಗಳು ಆಗಸ್ಟ್. ರಾಜ ಒಂದೇ ಕಂಬದ ಹಾಗೆ ನೇರ ಬೀಳುತ್ತಾನೆ, ರಾಣಿ ಬಂಡೆಯ ಮೇಲೆ ನೊರೆಯಾಗಿ ಬಳುಕುತ್ತಾಳೆ. ನಾಲ್ಕನ್ನೂ ಒಂದೇ ಥರದ ಬಿಳಿ ಪಟ್ಟಿ ಎಳೆಯಬೇಡಿ. ಹಿನ್ನೀರು ದಾಟಲು 2025ರ ಜುಲೈಯಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ. ಲಾಂಚ್ ಬೇಕೇ ಬೇಕು ಎನ್ನುವವರು ಕತೆಯನ್ನು ಅದಕ್ಕಿಂತ ಹಿಂದಕ್ಕಿಡಿ. ನನಗೆ ಕೇಳಿದರೆ ಹಿಂದಕ್ಕೇ ಇಡಬೇಕು: ಎರಡು ಗಾಲಿಕುರ್ಚಿ, ನಾಲ್ಕು ಬೈಕು, ಒಂದು ಬಸ್ಸು, ಜತೆಗೆ ಕಬ್ಬಿಣದ ಮೈಯ ರೋಬೋಟ್‌ಮ್ಯಾನ್ ಹತ್ತಿದ ಲಾಂಚ್ ಬರೆಯುವ ಅವಕಾಶ ಸೇತುವೆಯ ಮೇಲೆ ಸಿಗದು. ವೊಲ್ವರಿನ್ ನೀರಿಗೆ ಬಿದ್ದರೆ ತೇಲುವುದಿಲ್ಲ ಎಂಬುದೂ ನೆನಪಿರಲಿ, ಎಲುಬಿಗೆಲ್ಲ ಲೋಹ. ಇಂಬಳ (ಜಿಗಣೆ) ಮಾತ್ರ ಇಬ್ಬರನ್ನೂ ಸಮನಾಗಿ ನೋಡುತ್ತದೆ ಎಂಬ ಹಾಸ್ಯ ನಡೆಯುವುದಿಲ್ಲ. ರೋಬೋಟ್‌ಮ್ಯಾನ್‌ಗೆ ಮಿದುಳು ಬಿಟ್ಟರೆ ಕಚ್ಚಲು ಏನೂ ಇಲ್ಲ.

ಕಾಳಗ ನಿಲ್ಲುವುದು ಹುಡುಗಿ ಜೋಗದ ತಲೆಯಿಂದ ಜಾರಿದಾಗ. ಇದನ್ನು 14–15ನೇ ಪುಟಕ್ಕೆ ಇಡಲು ಕಾರಣವಿದೆ. 28 ಪುಟದ ಪುಸ್ತಕದಲ್ಲಿ ಆ ಎರಡು ಪುಟ ನಡುವಿನ ಒಂದೇ ಹಾಳೆಯ ಮೇಲೆ ಬರುತ್ತವೆ. ಉಳಿದ ಕಡೆ ಎರಡು ಪುಟದ ಚಿತ್ರ ಹಾಕಿದರೆ ಎಡಬಲ ಬೇರೆ ಬೇರೆ ಹಾಳೆಯಾಗಿ ಮಡಿಕೆಯಲ್ಲಿ ಒಂದೆರಡು ಮಿಲಿಮೀಟರ್ ತಪ್ಪುತ್ತದೆ. 253 ಮೀಟರ್ ಜಲಪಾತಕ್ಕೆ ಸೀಳು ಇರಬಾರದು.

ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 253 ಮೀಟರ್ ಬೀಳಲು ಸುಮಾರು 7.2 ಸೆಕೆಂಡು. ತಳ ಮುಟ್ಟುವಾಗಿನ ವೇಗ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿಲೋಮೀಟರಿನ ಆಸುಪಾಸು. ಏಳು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಹದಿನೈದು ಪದ ಆಡಬಹುದು. ಬೀಳುತ್ತಾ ಬೀಳುತ್ತಾ ನಾಲ್ಕು ಮಾತಿನ ಗುಳ್ಳೆ ತುಂಬ ಭಾಷಣ ಮಾಡಿಸುವುದು ಈ ಜಾತಿಯ ಕಾಮಿಕ್ಸಿನ ಹಳೆಯ ಕಾಯಿಲೆ. ಒಂದು ಕೂಗು ಸಾಕು.

ಹಿಡಿಯುವುದು ಇನ್ನೂ ಕಷ್ಟ. 1973ರಲ್ಲಿ ಇದೇ ಕಾನ್ವೇ ಬರೆದ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಬೀಳುತ್ತಿದ್ದ ಗ್ವೆನ್ ಸ್ಟೇಸಿಯನ್ನು ಬಲೆಯಿಂದ ಹಿಡಿದ. ತಟ್ಟನೆ ನಿಂತ ಜಗ್ಗಿಗೆ ಅವಳ ಕತ್ತು ಮುರಿಯಿತು. ಸುಲಭದ ಸೂತ್ರ: ಬಿದ್ದ ಎತ್ತರವನ್ನು ನಿಲ್ಲಿಸಲು ಸಿಕ್ಕ ದೂರದಿಂದ ಭಾಗಿಸಿದರೆ ವೇಗ ತಗ್ಗುವ ಪ್ರಮಾಣ ಗುರುತ್ವದ ಎಷ್ಟು ಪಟ್ಟು ಎಂದು ಸಿಗುತ್ತದೆ. ತಳದಲ್ಲಿ ನಿಂತು ಒಂದು ಮೀಟರಿನಲ್ಲಿ ಹಿಡಿದರೆ 250 ಪಟ್ಟು. ಬಂಡೆಗೆ ಬಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅದೇ 200 ಮೀಟರ್ ಬಿದ್ದಾಗ ತಡೆಯಲು ಶುರುಮಾಡಿ, ಉಳಿದ 53 ಮೀಟರ್ ಉದ್ದಕ್ಕೂ ನಿಧಾನಿಸಿದರೆ 4 ಪಟ್ಟಿಗೂ ಕಡಿಮೆ. ಬದುಕುತ್ತಾಳೆ. ಆದ್ದರಿಂದ ಯಾರೊಬ್ಬರೂ ‘ಹಿಡಿಯುವಂತಿಲ್ಲ’. ಸ್ಟಾರ್ಮ್ ಕೆಳಗಿನಿಂದ ಗಾಳಿ ಎಬ್ಬಿಸಿ ವೇಗ ತಗ್ಗಿಸುತ್ತಾಳೆ. ಆ ಗಾಳಿ ಹುಡುಗಿಯನ್ನು ಬಂಡೆಯ ಕಡೆ ಎಸೆಯುತ್ತದೆ. ರೀಟಾ ಬೆಳೆದು, ಅಂಗೈಯನ್ನು ಹುಡುಗಿಯ ಜತೆಗೇ ಕೆಳಗಿಳಿಸುತ್ತಾ ಬಂಡೆಗೆ ಅಡ್ಡ ಹಿಡಿಯುತ್ತಾಳೆ. ನೈಟ್‌ಕ್ರಾಲರ್ ಯಾಕೆ ಮಾಯವಾಗಿ ಹೋಗಿ ತರಲಿಲ್ಲ ಎಂದು ಓದುಗ ಕೇಳಿಯೇ ಕೇಳುತ್ತಾನೆ. ಅವನಿಗೆ ತಲುಪುವ ಜಾಗ ಕಾಣಬೇಕು, ಇಲ್ಲವೇ ಗೊತ್ತಿರಬೇಕು. ಆಗಸ್ಟ್‌ನ ಜೋಗದಲ್ಲಿ ಮಂಜು. 13ನೇ ಪುಟದಲ್ಲೇ ಮಂಜು ಕವಿಸಿ. ನೆಗೆಟಿವ್ ಮ್ಯಾನ್‌ನ ಶಕ್ತಿರೂಪ ಮೈಬಿಟ್ಟು ಇರಬಹುದಾದದ್ದು 60 ಸೆಕೆಂಡು. ಕಾಳಗದಲ್ಲಿ ಅವನು ಎಷ್ಟು ಕಳೆದ ಎಂದು ಚೌಕದ ಮೂಲೆಯಲ್ಲಿ ಎಣಿಸುತ್ತಾ ಬನ್ನಿ, 14ನೇ ಪುಟಕ್ಕೆ 57 ಆಗಿರಲಿ.

ಖಳರಲ್ಲೂ ಕೂಡಾಟವೇ: ಲೋಹವನ್ನು ಬೇಕಾದಂತೆ ಆಡಿಸುವ ಮಾರ್ವೆಲ್‌ನ ಮ್ಯಾಗ್ನೆಟೊ, ಡಿಸಿಯ ಬ್ರೇನ್ ಮತ್ತು ಅವನ ಗೊರಿಲ್ಲಾ ಮಲ್ಲಾ. ಮ್ಯಾಗ್ನೆಟೊ ಬಂದ ಕೂಡಲೇ ರೋಬೋಟ್‌ಮ್ಯಾನ್, ವೊಲ್ವರಿನ್ ಇಬ್ಬರೂ ಕೈಲಾಗದವರು, ಎರಡೂ ತಂಡದ ಜಟ್ಟಿಗಳು ಒಂದೇ ಪೆಟ್ಟಿಗೆ ಔಟ್. ತಳಕಳಲೆಯಿಂದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ಉಕ್ಕಿನ ಕೊಳವೆಗಳ ಮೇಲೆ ಅವನ ಕಣ್ಣು. ತಲಾ 103.5 ಮೆಗಾವಾಟ್‌ನ ಹತ್ತು ಘಟಕ, ಒಟ್ಟು 1035. ಕೊಳವೆ ಒಡೆದರೆ ಏನು ಎಂದು ಬಿಡಿಸಿ ಹೇಳಬೇಡಿ; ಕಂಟ್ರೋಲ್ ರೂಮಿನಲ್ಲಿ ಮುಳ್ಳು ನಡುಗುವ ಒಂದು ಚೌಕ ಸಾಕು.

17ರಿಂದ 19ನೇ ಪುಟ ತಾಳಮದ್ದಳೆ, ವೇಷ–ಕುಣಿತವಿಲ್ಲದ ಬರಿಯ ಮಾತಿನ ಆಟ. ಇಬ್ಬರು ಗಾಲಿಕುರ್ಚಿಯವರು ಎದುರುಬದುರು, ಅರ್ಥಧಾರಿಗಳ ಹಾಗೆ. ಇಲ್ಲಿ ಕನ್ನಡ ಕೊಡುವ ಒಂದು ಸಲಕರಣೆ ಇಂಗ್ಲಿಷಿನವರಿಗೆ ಇಲ್ಲ: ನೀನು, ನೀವು. ಇಬ್ಬರೂ ‘ನೀವು’ ಎಂದು ಶುರುಮಾಡಲಿ. ವಾದ ಬಿಸಿಯಾದಾಗ ಚೀಫ್ ‘ನೀನು’ಗೆ ಇಳಿಯಲಿ, ಝೇವಿಯರ್ ಕೊನೆಯವರೆಗೂ ಇಳಿಯದಿರಲಿ. ಬೇರೆ ವಿವರಣೆಯೇ ಬೇಡ. ಹುಡುಗಿ ಝೇವಿಯರ್‌ನನ್ನು ‘ಮೇಷ್ಟ್ರೇ’ ಎನ್ನಲಿ, ಸ್ಟಾರ್ಮ್‌ಳನ್ನು ‘ಅಕ್ಕ’ ಎನ್ನಲಿ. ಗಡ್ಡದ ಚೀಫ್ ಅವಳಿಗೆ ‘ಅಜ್ಜ’. ವೊಲ್ವರಿನ್ ಬಾಯಲ್ಲಿ ‘ಎಂತ ಸಾವಾ ಮಾರಾಯ’ ಚೆನ್ನಾಗಿ ಕೂರುತ್ತದೆ, ಒಂದೇ ಸಲ. ಪ್ರತಿ ಪುಟದಲ್ಲೂ ಬಂದರೆ ಹಾಸ್ಯಗಾರನ ವೇಷವಾಗುತ್ತದೆ.

ಅಕ್ಷರ ಬರೆಯುವ ಕೆಲಸವನ್ನು ಕೊನೆಗೆ ಬಿಟ್ಟವರು ಎಲ್ಲ ಕೆಡಿಸಿಕೊಳ್ಳುತ್ತಾರೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲವೂ ದೊಡ್ಡಕ್ಷರ, ಸಾಲಿನ ಕೆಳಗೆ ಏನೂ ಇಳಿಯದು, ಸಾಲುಗಳು ಒತ್ತಿಕೊಂಡು ಕೂರುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ಶಕ್ತಿ’ಯ ಒತ್ತು ಕೆಳಸಾಲಿನ ಗುಡಿಸಿಗೆ ತಾಗಿದರೆ ಓದಲಾಗದು. ಎ4ನಲ್ಲಿ ಬರೆದದ್ದು ಎ5ಗೆ ಬರುವಾಗ ಶೇ 71ಕ್ಕೆ ಕುಗ್ಗುತ್ತದೆ. ಮೂಲದಲ್ಲಿ ಅಕ್ಷರ 4 ಮಿಲಿಮೀಟರ್ ಇದ್ದರೆ ಅಚ್ಚಿನಲ್ಲಿ 2.8, ಅದಕ್ಕಿಂತ ಇಳಿಯಬೇಡಿ. ಸಾಲಿನಿಂದ ಸಾಲಿಗೆ 8 ಮಿಲಿಮೀಟರ್. ಒಂದು ಗುಳ್ಳೆಗೆ ನಾಲ್ಕು ಸಾಲು, ಹನ್ನೆರಡು ಪದ. ಗುಳ್ಳೆಯನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಮುಖ. ಸದ್ದುಗಳಿಗೆ ಹೊರಗೆ ಹೋಗಬೇಕಿಲ್ಲ: ದುಡುಂ, ಚಟಾರ್, ಧೊಪ್, ಸರ್ರನೆ. ಜೋಗದ ಸದ್ದಿಗೆ ಮಾತ್ರ ಪದ ಹಾಕಬೇಡಿ, ಆ ಪುಟಗಳಲ್ಲಿ ಗುಳ್ಳೆಗಳನ್ನೇ ಚಿಕ್ಕದು ಮಾಡಿ, ಕೂಗಿದರೂ ಕೇಳಿಸುತ್ತಿಲ್ಲ ಎಂದು ತಾನಾಗಿ ತಿಳಿಯುತ್ತದೆ.

ಮಳೆಗಾಲದಲ್ಲಿ ಬರೆಯುವವರು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಒಣ ಜಾಗದಲ್ಲಿ ಎತ್ತಿಡಿ. ಥಂಡಿ ಹಿಡಿದ ಹಾಳೆಯಲ್ಲಿ ಶಾಯಿ ಬೇರು ಬಿಟ್ಟ ಹಾಗೆ ಹರಡುತ್ತದೆ, ಜೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. 0.5 ಪೆನ್ನಿಗಿಂತ ತೆಳು ಗೆರೆ ಬೇಡ, ಕುಗ್ಗಿದಾಗ ತುಂಡಾಗುತ್ತದೆ. ಇಡೀ ಕಪ್ಪು ಬಳಿದ ರಾತ್ರಿ ಜೆರಾಕ್ಸಿನಲ್ಲಿ ಬೂದು ಮಚ್ಚೆಯಾಗುವುದುಂಟು. ಅಡ್ಡ ಗೆರೆಗಳಿಂದ ಕತ್ತಲು ಮಾಡಿ. ಅಂಚಿನಲ್ಲಿ ಸುತ್ತಲೂ 7 ಮಿಲಿಮೀಟರ್ ಖಾಲಿ ಬಿಡಿ.

ಪುಟ ಜೋಡಣೆಯ ಗುಟ್ಟು ಒಂದೇ: ಹಾಳೆಯ ಒಂದು ಮುಖದಲ್ಲಿ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ 29. ಹೊರಹಾಳೆಯ ಒಂದು ಮುಖಕ್ಕೆ ಎಡಕ್ಕೆ 28, ಬಲಕ್ಕೆ 1. ಹಿಂಬದಿಗೆ ಎಡಕ್ಕೆ 2, ಬಲಕ್ಕೆ 27. ಎರಡೂ ಬದಿ ಅಚ್ಚು ಹಾಕುವಾಗ ಗಿಡ್ಡ ಅಂಚಿನಿಂದ ತಿರುಗಿಸಲು ಅಂಗಡಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗು. ಮೊದಲು ಒಂದೇ ಪ್ರತಿ ತೆಗೆಸಿ, ಮಡಿಸಿ, ಪುಟ ಎಣಿಸಿ ನೋಡಿ, ಆಮೇಲೆ ಉಳಿದದ್ದು. ಗೆಳೆಯರಿಗೆ ಹಂಚುವುದಕ್ಕೆ ಎಷ್ಟು ಬೇಕೋ ಅಷ್ಟೇ. ಪಾತ್ರಗಳು ಕಂಪನಿಗಳ ಸೊತ್ತು, ಬೆಲೆ ಹಾಕಿ ಮಾರಾಟಕ್ಕೆ ಇಳಿಯಬೇಡಿ. ಪಿನ್ ಹೊಡೆಯಲು ಸಾಮಾನ್ಯ ಸ್ಟೇಪ್ಲರ್ ನಡುಮಡಿಕೆಗೆ ಮುಟ್ಟುವುದಿಲ್ಲ. ಉದ್ದ ತೋಳಿನದು ಸಿಗದಿದ್ದರೆ ದಬ್ಬಣದಿಂದ ಮೂರು ತೂತು ಹಾಕಿ ನೂಲಿನಿಂದ ಹೊಲಿಯಿರಿ, ಗಂಟು ಒಳಗಡೆಗೆ ಬರಲಿ, 14–15ರ ಜೋಗದ ಮೇಲೆ ಅದು ನೀರಿನ ಬಿಳುಪಿನಲ್ಲಿ ಕಾಣದ ಹಾಗೆ ಬಿಳಿ ನೂಲು.